ಫ್ರೀಜರಿನಲ್ಲಿ ಪಾದರಕ್ಷೆ

ನಮ್ಮ ತಾಯಿಯವರ ಅರವತ್ತೆಂಟು ವರ್ಷಗಳ ಜೀವಿತದಲ್ಲಿ ಅಡುಗೆಮನೆಯೊಳಕ್ಕೆ ಪಾದರಕ್ಷೆ ಪ್ರವೇಶಿಸಿದ ಪ್ರಸಂಗ ಒಂದೇ ಒಂದು. ಅದು ನಡೆದುದು ಮೈಸೂರಿನ ನಮ್ಮ ಮನೆಯಲ್ಲಲ್ಲ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸಿಯಾಟಲ್ ನಗರದಲ್ಲಿ, ನಮ್ಮ ಅಕ್ಕನ ಮನೆಯಲ್ಲಿ. ಕಾಯಿತುರಿಯ ಪೊಟ್ಟಣಕ್ಕಾಗಿ ಫ್ರೀಜರಿನ ಬಾಗಿಲು ತೆರೆದ ಅಮ್ಮ “ರಾಮ ರಾಮ!” ಎನ್ನುತ್ತ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಕರಿಬೇವಿನ ಡಬ್ಬಿಗೂ ಹಸಿಬಟಾಣಿಯ ಚೀಲಕ್ಕೂ ನಡುವೆ, ಮೊಣಕಾಲುದ್ದದ ಒಂದು ಜೊತೆ ರಬ್ಬರ್ ಬೂಟುಗಳು ಮಡಚಿಕೊಂಡು ಮಲಗಿದ್ದವು.

“ಅಜ್ಜಿ, ಗಾಬರಿ ಬೇಡ. ತೊಳೆದ ಬೂಟು ಅದು. ಎಲ್ಲಾದರೂ ಹುಳು ಉಳಿದಿದ್ದರೆ ಸಾಯಲಿ ಅಂತ ಇಟ್ಟಿದ್ದೇನೆ” ಎಂದು ಅಕ್ಕನ ಮಗ ಸುಹಾಸ ಸಮಾಧಾನ ಹೇಳಿದ. ಪಾದರಕ್ಷೆಯನ್ನೇ ಸಹಿಸಲಾರದವರಿಗೆ ಹುಳುವಿನ ಸಮಾಚಾರವನ್ನೂ ಸೇರಿಸಿ ಹೇಳಿದರೆ ಎಂಥ ಸಮಾಧಾನವಾದೀತು! ಅಂದು ಮಧ್ಯಾಹ್ನ ಅಮ್ಮ ಕಾಯಿಯ ಸಂಪರ್ಕವಿಲ್ಲದ ತಿಳಿಸಾರನ್ನೇ ಮಾಡಿದರು.

ವಾಚಕರಿಗೆ ಒಂದು ಮಾತನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಕನ್ನಡದ ಉಪಾಧ್ಯಾಯ. ಕೀಟಲೋಕದೊಂದಿಗೆ ನನ್ನ ಪರಿಚಯವೆಂದರೆ ಹಳಗನ್ನಡ ಕಾವ್ಯಗಳ ಉದ್ಯಾನವನದಲ್ಲಿ ಮೊರೆಯುವ ದುಂಬಿಗಳಷ್ಟೇ. ಕಳೆದ ವರ್ಷ ಅಮ್ಮನಿಗೆ ಮಗಳ ಮನೆ ನೋಡುವ ಆಸೆಯಾಗಿ, ಒಬ್ಬರೇ ವಿಮಾನವೇರಲು ಅಳುಕಿ, ನಾನು ಒಂದು ತಿಂಗಳ ರಜೆ ಪಡೆದು ಜೊತೆಯಲ್ಲಿ ಹೋಗಬೇಕಾಯಿತು. ಅಲ್ಲಿ ನನ್ನ ವಿದ್ಯಾಗುರುವಾಗಿ ದೊರೆತವನು ಹತ್ತೊಂಬತ್ತು ವರ್ಷದ ಈ ಸೋದರಳಿಯ. ಕಾಲೇಜಿನಲ್ಲಿ ಪರಿಸರಶಾಸ್ತ್ರ ಓದುವ ಹುಡುಗ, ಬೇಸಗೆಯ ರಜೆಯಲ್ಲಿ ಹಳ್ಳದ ಹುಳುಗಳನ್ನು ಹಿಡಿಯುವ ತಂಡವೊಂದಕ್ಕೆ ಸಂಬಳವಿಲ್ಲದ ಸಹಾಯಕ. “ಇಂಜಿನಿಯರ್ ಆಗು ಎಂದರೆ ಇದು ಹುಳು ಎಣಿಸುತ್ತಿದೆ” ಎಂಬುದು ನಮ್ಮ ಭಾವನ ದುಃಖ.

ಅಕ್ಕನ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಥಾರ್ನ್‌ಟನ್ ಎಂಬ ಹಳ್ಳ ಹರಿಯುತ್ತದೆ. ಸಿಯಾಟಲ್ ನಗರದ ಹಳ್ಳಗಳಲ್ಲಿ ಇದರ ಜಲಾನಯನವೇ ಅತಿ ದೊಡ್ಡದು. ಸುಮಾರು ೧೨ ಚದರ ಮೈಲಿಗಳ ಮನೆ, ಮಾಳಿಗೆ, ಅಂಗಡಿ, ಹೆದ್ದಾರಿಗಳ ನೀರೆಲ್ಲ ಇದರೊಳಕ್ಕೆ ಇಳಿದು ವಾಷಿಂಗ್ಟನ್ ಸರೋವರವನ್ನು ಸೇರುತ್ತದೆ. ಒಂದು ಕಾಲಕ್ಕೆ ಸಾಲ್ಮನ್ ಮೀನುಗಳು ಸಮುದ್ರದಿಂದ ಹಿಂದಿರುಗಿ ಮೊಟ್ಟೆಯಿಡುತ್ತಿದ್ದ ಈ ಹಳ್ಳವನ್ನು ನಗರ ಬೆಳೆದಂತೆಲ್ಲ ಕಲ್ಲುಗೋಡೆಗಳ ನಡುವೆ ಹಿಂಡಿ, ಅಲ್ಲಲ್ಲಿ ಕೊಳವೆಗಳಲ್ಲಿ ತೂರಿಸಿ ಕಾಲುವೆ ಮಾಡಿಬಿಟ್ಟಿದ್ದರು. ಮಳೆ ಬಂದರೆ ದಡದ ಮನೆಗಳಿಗೆ ನೀರು ನುಗ್ಗುವುದು, ಶಾಲೆಯ ಮುಂದಿನ ರಸ್ತೆ ಮುಳುಗುವುದು ವಾಡಿಕೆಯಾಗಿತ್ತು. ಕೊನೆಗೆ ನಗರದವರು ಬುದ್ಧಿವಂತಿಕೆಯ ಒಂದು ಕೆಲಸ ಮಾಡಿದರು. ನೆರೆಗೆ ಸಿಕ್ಕುವ ಕೆಲವು ಮನೆಗಳನ್ನು ಕೊಂಡು, ಕೆಡವಿ, ಆ ಜಾಗವನ್ನು ಹಳ್ಳಕ್ಕೇ ಹಿಂದಿರುಗಿಸಿದರು. ೨೦೧೪ರಲ್ಲಿ ಎರಡು ಕಡೆ ಈ ಕೆಲಸ ಮುಗಿಯಿತು. ನೇರವಾಗಿದ್ದ ನೀರಿಗೆ ಮತ್ತೆ ಅಂಕುಡೊಂಕು ಬಂದಿತು. ಅಡ್ಡಡ್ಡಲಾಗಿ ಮರದ ದಿಮ್ಮಿಗಳು ಬಿದ್ದವು. ದಡದಲ್ಲಿ ನಾಡಗಿಡಗಳು ಎದ್ದವು.

ಎಲ್ಲಕ್ಕಿಂತ ನನಗೆ ಸೊಗಸೆನಿಸಿದುದು ಕಣ್ಣಿಗೆ ಕಾಣದ ಕೆಲಸ. ಸರಸ್ವತಿಯನ್ನು ಗುಪ್ತಗಾಮಿನಿ ಎನ್ನುತ್ತೇವಷ್ಟೆ? ಪ್ರತಿಯೊಂದು ಆರೋಗ್ಯವಂತ ಹಳ್ಳಕ್ಕೂ ಅಂತಹ ಒಬ್ಬಳು ಸರಸ್ವತಿ ಇರುವಳಂತೆ. ಮೇಲೆ ಹರಿಯುವ ನೀರಿನ ಒಂದು ಪಾಲು ತಳದ ಜಲ್ಲಿ ಮರಳಿನೊಳಕ್ಕೆ ಇಳಿದು, ಕತ್ತಲಲ್ಲಿ ನಿಧಾನವಾಗಿ ಸಾಗಿ, ಮುಂದೆ ಎಲ್ಲಿಯೋ ತಂಪಾಗಿ ಮೇಲೆ ಬರುತ್ತದೆ. ಆ ಜಲ್ಲಿಯ ಸಂದುಗಳಲ್ಲಿ ಮನೆ ಮಾಡಿರುವ ಸೂಕ್ಷ್ಮಜೀವಿಗಳು ನೀರಿನ ಕಶ್ಮಲವನ್ನು ತಿಂದು ಜೀರ್ಣಿಸುತ್ತವೆ. ಕಾಲುವೆಯಾದ ಥಾರ್ನ್‌ಟನ್‌ನಲ್ಲಿ ನೆರೆಯ ರಭಸಕ್ಕೆ ಈ ಜಲ್ಲಿಯೆಲ್ಲ ಕೊಚ್ಚಿಹೋಗಿತ್ತು. ೨೦೧೪ರ ದುರಸ್ತಿಯಲ್ಲಿ ಹಲವು ಅಡಿ ಆಳಕ್ಕೆ ಹೊಸ ಜಲ್ಲಿ ತುಂಬಿ, ನೀರು ಕೆಳಕ್ಕೆ ಧುಮುಕುವಂತೆ ದಿಮ್ಮಿಗಳನ್ನು ಹೂಳಿದರು. ಆ ನೆಲದಡಿಯ ದಾರಿಯಲ್ಲಿ ಕೆಲವು ಗಂಟೆ ಪಯಣ ಮಾಡಿದ ನೀರಿನಲ್ಲಿ ಅನೇಕ ರಸಾಯನಗಳು ಗಣನೀಯವಾಗಿ ತಗ್ಗಿರುವುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. ೨೦೧೮ರ ಶರತ್ಕಾಲದಲ್ಲಿ ಸಾಲ್ಮನ್ನುಗಳಲ್ಲಿಯೇ ದೊಡ್ಡದಾದ ಚಿನೂಕ್ ಜಾತಿಯ ಮೀನು ಬಂದು ಇಲ್ಲಿನ ಹೊಸ ಜಲ್ಲಿಯಲ್ಲಿ ಮೊಟ್ಟೆಯಿಟ್ಟಿತು.

ಇಷ್ಟಾದ ಮೇಲೆ ಹುಳು ಎಣಿಸುವುದೇಕೆ? ನಾನೂ ಇದೇ ಪ್ರಶ್ನೆಯನ್ನು ಕೇಳಿದೆ. “ಮೀನು ನೆಂಟ ಇದ್ದ ಹಾಗೆ ಮಾಮ, ಬರುತ್ತೆ ಹೋಗುತ್ತೆ. ಹುಳು ಹಾಗಲ್ಲ, ಅಲ್ಲೇ ಸಂಸಾರ ಮಾಡುತ್ತೆ” ಎಂದ ಸುಹಾಸ. ನೀರಿನ ಒಂದು ಸೀಸೆಯನ್ನು ಪರೀಕ್ಷಿಸಿದರೆ ಆ ಗಳಿಗೆಯ ಸಮಾಚಾರ ತಿಳಿದೀತು. ನಿನ್ನೆ ರಾತ್ರಿ ಯಾರೋ ಚರಂಡಿಗೆ ಸುರಿದ ವಿಷದ ಸುದ್ದಿ ತಿಳಿಯದು. ಕಲ್ಲಿನ ಕೆಳಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಾಳುವ ಹುಳುವಾದರೋ ಎಲ್ಲವನ್ನೂ ಅನುಭವಿಸಿರುತ್ತದೆ. ಅದು ಇದ್ದರೆ ಒಂದು ಸಾಕ್ಷಿ, ಇಲ್ಲದಿದ್ದರೆ ಇನ್ನೊಂದು ಸಾಕ್ಷಿ.

ಆಗಸ್ಟ್ ತಿಂಗಳ ಒಂದು ಶನಿವಾರ ನಾನೂ ಅವನೊಡನೆ ನೀರಿಗಿಳಿದೆ. ಹುಳುಗಳು ಬೆಳೆದು ದೊಡ್ಡವಾಗಿ, ನೀರು ಇಳಿದಿರುವ ಬೇಸಗೆಯ ಕೊನೆಯೇ ಈ ಕೆಲಸಕ್ಕೆ ಪ್ರಶಸ್ತ ಕಾಲ. ನನ್ನ ಪಾದಕ್ಕೆ ಹೊಂದುವ ಬೂಟು ಇಲ್ಲದ ಕಾರಣ ಕ್ಯಾನ್ವಾಸ್ ಷೂಗಳಲ್ಲಿಯೇ ನಿಂತೆ. ಉಪಕರಣ ಅತ್ಯಂತ ಸರಳ: ಒಂದು ಅಡಿ ಉದ್ದಗಲದ ಲೋಹದ ಚೌಕಟ್ಟು, ಅದರ ಬೆನ್ನಿಗೆ ಕೊಳವೆಯಂತಹ ಬಲೆ. ಸರ್ಬರ್ ಎಂಬ ಮತ್ಸ್ಯಶಾಸ್ತ್ರಜ್ಞ ೧೯೩೦ರ ದಶಕದಲ್ಲಿ ಬಳಕೆಗೆ ತಂದುದರಿಂದ ಅವನ ಹೆಸರೇ ಅದಕ್ಕೆ ನಿಂತಿದೆ. ಚೌಕಟ್ಟನ್ನು ತಳಕ್ಕೆ ಒತ್ತಿ ಹಿಡಿದು, ಅದರೊಳಗಿನ ಒಂದೊಂದು ಉರುಟುಗಲ್ಲನ್ನೂ ಬೆರಳಿನಿಂದ ಉಜ್ಜಿ, ಕೆಳಗಿನ ಜಲ್ಲಿಯನ್ನು ಕೆದಕಬೇಕು. ಸಡಿಲವಾದ ಹುಳುಗಳು ನೀರಿನೊಡನೆ ಹರಿದು ಬಲೆ ಸೇರುತ್ತವೆ. ಮನೆಯಲ್ಲಿ ಅಕ್ಕಿ ತೊಳೆದು ಕಲ್ಲು ಗಾಲಿಸಿದವರಿಗೆ ಈ ಕೆಲಸ ಎರಡು ನಿಮಿಷದಲ್ಲಿ ಬಂದೀತು. ನೀರು ಮಾತ್ರ ಮೂಳೆ ಕೊರೆಯುವಷ್ಟು ತಣ್ಣಗಿತ್ತು.

ಬಿಳಿಯ ತಟ್ಟೆಯಲ್ಲಿ ಸುರಿದಾಗ ಮೊದಲು ಬರಿಯ ಕಸ ಕಾಣಿಸಿತು. ಕಣ್ಣು ಪಳಗಿದ ಮೇಲೆ ಕಸವೆಲ್ಲ ಚಲಿಸತೊಡಗಿತು. ಮೂರು ಬಾಲದ ಮೇಫ್ಲೈ ಮರಿ. ಮರಳುಕಣಗಳನ್ನು ರೇಷ್ಮೆಯಂತಹ ಎಳೆಯಿಂದ ಹೊಲಿದು ಕವಚ ಮಾಡಿಕೊಂಡ ಕ್ಯಾಡಿಸ್‌ಫ್ಲೈ ಮರಿ. ನೀರಿನ ಕೆಳಗೆ ಕುಳಿತು ಕಲ್ಲಿನ ಅಂಗಿ ಹೊಲಿಯುವ ದರ್ಜಿ! ಈ ಮರಿಗಳು ತಳದಲ್ಲಿ ಬಾಳಿನ ಬಹುಭಾಗವನ್ನು ಕಳೆದು, ರೆಕ್ಕೆ ಮೂಡಿ ಮೇಲೆದ್ದು, ಕೆಲವೇ ದಿನಗಳಲ್ಲಿ, ಮೇಫ್ಲೈಗಳಾದರೆ ಕೆಲವೊಮ್ಮೆ ಒಂದೇ ದಿನದಲ್ಲಿ, ಮದುವೆ ಮಕ್ಕಳ ವ್ಯವಹಾರ ಮುಗಿಸಿ ತೀರಿಹೋಗುತ್ತವೆ. ಆದರೆ ಸುಹಾಸನ ಮುಖದಲ್ಲಿ ಉತ್ಸಾಹವಿರಲಿಲ್ಲ. “ಎಲ್ಲ ಗಟ್ಟಿಪಿಂಡಗಳು ಮಾಮ. ಎಂಥ ನೀರಿದ್ದರೂ ಬದುಕುವ ಜಾತಿ. ಸ್ಟೋನ್‌ಫ್ಲೈ ಒಂದೂ ಇಲ್ಲ” ಎಂದ. ಸ್ಟೋನ್‌ಫ್ಲೈ ಎಂಬುದು ಎರಡು ಬಾಲದ, ತಣ್ಣಗಿನ ಶುದ್ಧ ನೀರನ್ನಲ್ಲದೆ ಬೇರೆಯದನ್ನು ಒಲ್ಲದ ಮಡಿವಂತ ಹುಳು.

ಹೀಗೆ ಹಿಡಿದವನ್ನು ಮದ್ಯಸಾರದಲ್ಲಿ ಅದ್ದಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಜಾತಿ ಗುರುತಿಸಿ ಅಂಕ ಕೊಡುವುದುಂಟು. ಜೇಮ್ಸ್ ಕಾರ್ ಎಂಬ ವಿಜ್ಞಾನಿ ೧೯೮೧ರಲ್ಲಿ ಮೀನುಗಳನ್ನು ಆಧರಿಸಿ ಹಳ್ಳಗಳ ಆರೋಗ್ಯವನ್ನು ಅಳೆಯುವ ಒಂದು ಸೂಚಿಯನ್ನು ರಚಿಸಿದರು. ೧೯೯೦ರ ದಶಕದಲ್ಲಿ ಸಿಯಾಟಲ್ ಸೀಮೆಯ ಹಳ್ಳಗಳಿಗಾಗಿ ತಳದ ಹುಳುಗಳನ್ನು ಆಧರಿಸಿದ ಸೂಚಿ ಬಂದಿತು. ಈಗ ಅದು ನೂರು ಅಂಕಗಳ ಪರೀಕ್ಷೆ, ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಹತ್ತು ಅಂಕ. ಒಟ್ಟು ಎಷ್ಟು ಬಗೆಯ ಹುಳುಗಳಿವೆ? ಮೇಫ್ಲೈ ಎಷ್ಟು ಬಗೆ, ಸ್ಟೋನ್‌ಫ್ಲೈ ಎಷ್ಟು, ಕ್ಯಾಡಿಸ್‌ಫ್ಲೈ ಎಷ್ಟು? ದೀರ್ಘಾಯುಷಿಗಳೆಷ್ಟು? ಒಂದೆರಡು ಜಾತಿಗಳೇ ಇಡೀ ಹಳ್ಳವನ್ನು ಆಕ್ರಮಿಸಿವೆಯೆ? ಎಂಬತ್ತಕ್ಕೆ ಮೇಲ್ಪಟ್ಟರೆ ಉತ್ತಮೋತ್ತಮ. ಇಪ್ಪತ್ತಕ್ಕೆ ಕೆಳಗಾದರೆ ಅಧಮಾಧಮ. ಉತ್ತರಪತ್ರಿಕೆಗಳ ರಾಶಿಯಲ್ಲಿ ಪ್ರತಿವರ್ಷ ಬೇಯುವ ನನಗೆ ಈ ಕ್ರಮ ಬಹಳ ಮೆಚ್ಚುಗೆಯಾಯಿತು. ಇಲ್ಲಿ ಕೃಪಾಂಕದ ಪದ್ಧತಿ ಇಲ್ಲ.

ಸಿಯಾಟಲನ್ನು ಒಳಗೊಂಡ ಕಿಂಗ್ ಜಿಲ್ಲೆಯವರು ಎರಡು ದಶಕಗಳಿಗೂ ಮೇಲ್ಪಟ್ಟು ಈ ಅಂಕಪಟ್ಟಿಯನ್ನು ಇಟ್ಟುಕೊಂಡು ಬಂದಿದ್ದಾರೆ. ಅದರಲ್ಲಿ ಥಾರ್ನ್‌ಟನ್‌ಗೆ ದೊರೆತಿರುವುದು ಕೆಳಗಿನ ದರ್ಜೆಗಳೇ. ದುರಸ್ತಿಯಾದ ಹಳ್ಳಗಳೆಲ್ಲ ಕೂಡಲೇ ತೇರ್ಗಡೆಯಾಗುತ್ತವೆಂಬ ಭರವಸೆ ಏನೂ ಇಲ್ಲ. ಮನೆ ಕಟ್ಟಿ, ಸುಣ್ಣ ಬಳಿದು, ತೋರಣ ಕಟ್ಟಿದರೂ ಗೃಹಪ್ರವೇಶಕ್ಕೆ ಬಂಧುಗಳು ಬಾರದಿದ್ದರೆ ಹೇಗೋ ಹಾಗೆ.

ಅವು ಬಾರದಿರುವುದಕ್ಕೆ ಕಾರಣಗಳು ಹಲವು. ಮಳೆ ಬಿದ್ದೊಡನೆ ರಸ್ತೆಗಳ ನೀರು ಒಮ್ಮೆಲೇ ನುಗ್ಗಿ ತಳವನ್ನು ಗುಡಿಸಿಹಾಕುತ್ತದೆ. ಆ ನೀರಿನಲ್ಲಿ ಏನೇನಿರುತ್ತದೆಂಬುದೂ ಈಚೆಗೆ ತಿಳಿಯುತ್ತಿದೆ. ಕೋಹೊ ಜಾತಿಯ ಸಾಲ್ಮನ್ನುಗಳು ನಗರದ ಹಳ್ಳಗಳಿಗೆ ಬಂದು ಮೊಟ್ಟೆಯಿಡುವ ಮೊದಲೇ ಗಿರ್ರನೆ ತಿರುಗಿ ಸಾಯುತ್ತಿದ್ದುದು ವರ್ಷಗಳ ಕಾಲ ಒಗಟಾಗಿತ್ತು. ಮೋಟಾರುಗಾಡಿಗಳ ಟೈರು ಸೀಳದಿರಲೆಂದು ರಬ್ಬರಿಗೆ ಬೆರೆಸುವ ರಸಾಯನವೊಂದು ಗಾಳಿಯ ಓಜೋನಿನೊಡನೆ ಕೂಡಿ ಹುಟ್ಟುವ ವಿಷವೇ ಅದಕ್ಕೆ ಕಾರಣವೆಂದು ೨೦೨೦ರಲ್ಲಿ ಗೊತ್ತಾಯಿತು. ಇನ್ನೊಂದು ಕಾರಣ ಕೇವಲ ದೂರ. ರೆಕ್ಕೆ ಬಂದ ಹುಳುಗಳು ಹಾರುವುದು ಬಹುಮಟ್ಟಿಗೆ ತಮ್ಮ ಹಳ್ಳದ ಗುಂಟ. ಅವು ಸಮೃದ್ಧವಾಗಿರುವ ಬೆಟ್ಟದ ತೊರೆಗಳಿಗೂ ನಗರದ ಹಳ್ಳಕ್ಕೂ ನಡುವೆ ಮೈಲಿಗಟ್ಟಲೆ ಮಾಳಿಗೆಗಳು, ದೀಪಗಳು, ಹೆದ್ದಾರಿಗಳು. ಒಂದು ದಿನದ ಆಯುಸ್ಸಿನವರು ಇದನ್ನು ದಾಟುವುದುಂಟೆ?

ಬಾರದ ಬಂಧುಗಳನ್ನು ತಾವೇ ಹೋಗಿ ಕರೆತರುವ ಪ್ರಯತ್ನವನ್ನೂ ಅಲ್ಲಿನ ವಿಜ್ಞಾನಿಗಳು ೨೦೧೮ರ ಸುಮಾರಿಗೆ ಕೈಗೊಂಡರು. ಶುದ್ಧವಾದ ತೊರೆಯಲ್ಲಿ ಕಲ್ಲು ತುಂಬಿದ ಬುಟ್ಟಿಗಳನ್ನು ಕೆಲವು ವಾರ ಮುಳುಗಿಸಿಡುವುದು. ಹುಳುಗಳು ಬಂದು ಮನೆ ಮಾಡಿದ ಮೇಲೆ ಬುಟ್ಟಿಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ತಂದು ನಗರದ ಹಳ್ಳದಲ್ಲಿ ಇಳಿಸುವುದು. ಹೆಪ್ಪು ಹಾಕಿದ ಹಾಗೆ. ಆದರೆ ಹೆಪ್ಪು ಎಲ್ಲಿಂದ ತಂದಿರಿ ಎಂಬುದು ಮುಖ್ಯ. ಒಂದು ಹಳ್ಳದಿಂದ ಇನ್ನೊಂದಕ್ಕೆ ಒದ್ದೆಯಾದ ಏನನ್ನು ಸಾಗಿಸಿದರೂ ಅದರೊಡನೆ ಕರೆಯದವರೂ ಬಂದಾರೆಂಬ ಭಯ ಇದ್ದೇ ಇದೆ.

ಥಾರ್ನ್‌ಟನ್‌ಗೆ ಕರೆಯದೆ ಬಂದವರು ನ್ಯೂಜಿಲೆಂಡಿನ ಬಸವನಹುಳುಗಳು. ತಟ್ಟೆಯ ಮೂಲೆಯಲ್ಲಿ ಕರಿಯೆಳ್ಳು ಚೆಲ್ಲಿದಂತಿದ್ದುದನ್ನು ಸುಹಾಸ ತೋರಿಸಿದಾಗ ನಾನು ಮರಳೆಂದೇ ತಿಳಿದೆ. ದೊಡ್ಡದು ಎಂದರೆ ಕಾಲು ಅಂಗುಲವೂ ಇಲ್ಲ. ತಿರುಪಿನಂತೆ ಸುತ್ತಿದ ಕಂದು ಬಣ್ಣದ ಮೊನಚು ಚಿಪ್ಪು. ಈ ಜೀವಿ ೧೮೫೯ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಹಡಗುಗಳ ಕುಡಿಯುವ ನೀರಿನ ಪೀಪಾಯಿಗಳಲ್ಲಿ ಪ್ರಯಾಣ ಮಾಡಿರಬೇಕೆಂದು ಊಹೆ. ಅಮೆರಿಕದಲ್ಲಿ ಮೊದಲು ಕಂಡುದು ೧೯೮೭ರಲ್ಲಿ, ಐಡಹೊ ಸಂಸ್ಥಾನದ ಸ್ನೇಕ್ ನದಿಯಲ್ಲಿ. ಹತ್ತು ವರ್ಷಕ್ಕೆ ಕೊಲಂಬಿಯ ನದಿಯ ಮುಖಕ್ಕೆ ಬಂದಿತು. ೨೦೦೯ರಲ್ಲಿ ಇದೇ ಸಂಸ್ಥಾನದ ರಾಜಧಾನಿ ಒಲಿಂಪಿಯದ ಕ್ಯಾಪಿಟಲ್ ಸರೋವರದಲ್ಲಿ ಕಾಣಿಸಿಕೊಂಡಾಗ, ಜನರು ನೀರಿಗಿಳಿಯದಂತೆ ಸರೋವರವನ್ನೇ ಮುಚ್ಚಿದರು. ಏಳು ಸಾವಿರ ಮೈಲಿಗಳಾಚೆಯ ಈ ಪ್ರಾಣಿಗೆ ರೆಕ್ಕೆಯೂ ಇಲ್ಲ, ಕಾಲೂ ಇಲ್ಲ. ರೆಕ್ಕೆಯುಳ್ಳವು ಹತ್ತು ಮೈಲಿ ದಾಟಲಾರದೆ ಬೆಟ್ಟದಲ್ಲಿಯೇ ಉಳಿದವು. ಇದು ಬಂದು ಬಿಡಾರ ಹೂಡಿತು!

ಇದರ ಸಂಸಾರದ ರೀತಿಯೇ ವಿಚಿತ್ರ. ತವರಿನಲ್ಲಿ ಗಂಡು ಹೆಣ್ಣು ಎರಡೂ ಉಂಟು. ಅಮೆರಿಕದ ನೀರಿಗೆ ಬಂದವು ಹೆಚ್ಚು ಕಡಮೆ ಎಲ್ಲವೂ ಹೆಣ್ಣು. ಗಂಡಿನ ನೆರವಿಲ್ಲದೆ, ತನ್ನಂತಹವೇ ಆದ ಹತ್ತಾರು ಮರಿಗಳನ್ನು ಹೊಟ್ಟೆಯಲ್ಲಿ ಹೊತ್ತು ಹೆರುತ್ತವೆ. ಆದುದರಿಂದ ಒಂದೇ ಒಂದು ಹುಳು ಒಂದು ಹೊಸ ಹಳ್ಳಕ್ಕೆ ಸಾಕು. ತವರಿನಲ್ಲಿ ಅವುಗಳನ್ನು ಬಂಜೆಯಾಗಿಸಿ ಹತೋಟಿಯಲ್ಲಿಡುವ ಪರಾವಲಂಬಿ ಹುಳುಗಳು ಇಲ್ಲಿಗೆ ಬಂದಿಲ್ಲ. ವಯೋಮಿಂಗ್‌ನ ಪೋಲ್‌ಕ್ಯಾಟ್ ಎಂಬ ಬೆಚ್ಚನೆಯ ಹಳ್ಳದಲ್ಲಿ ಒಂದು ಚದರ ಮೀಟರಿಗೆ ಐದು ಲಕ್ಷದವರೆಗೆ ಎಣಿಸಿದ್ದುಂಟು. ಅಲ್ಲಿ ಬೆಳೆಯುವ ಪಾಚಿಯ ಮುಕ್ಕಾಲು ಪಾಲನ್ನು ಇವೇ ಮೇಯುತ್ತಿದ್ದವು. ಮೀನು ತಿಂದು ಮುಗಿಸಬಾರದೆ ಎಂದರೆ, ಚಿಪ್ಪಿನ ಬಾಗಿಲು ಮುಚ್ಚಿಕೊಂಡು ಮೀನಿನ ಹೊಟ್ಟೆಯ ಮೂಲಕ ಎಷ್ಟೋ ಹುಳುಗಳು ಜೀವಂತವಾಗಿ ಹೊರಬೀಳುತ್ತವೆ. ಇವನ್ನೇ ತಿಂದ ಮೀನು ಬಡಕಲಾಗುತ್ತದೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಎಲ್ಲ ಹಳ್ಳಗಳಲ್ಲಿಯೂ ಹೀಗಾಗುವುದಿಲ್ಲ. ಕೆಲವೆಡೆ ಸಾಧಾರಣವಾಗಿ ಉಳಿದುಬಿಡುತ್ತವೆ. ಪೋಲ್‌ಕ್ಯಾಟ್‌ನಲ್ಲಿಯೂ ಮುಂದೆ ಅವುಗಳ ಸಂಖ್ಯೆ ಕುಸಿಯಿತು. ಏಕೆಂಬುದು ಪಂಡಿತರ ಚರ್ಚೆಯ ವಿಷಯ. ಒಮ್ಮೆ ಹರಿಯುವ ಹಳ್ಳಕ್ಕೆ ಸೇರಿದವನ್ನು ಉಳಿದ ಜೀವಿಗಳಿಗೆ ಹಾನಿಯಾಗದಂತೆ ತೆಗೆಯುವ ಉಪಾಯ ಮಾತ್ರ ಇಲ್ಲ.

ನಮ್ಮಲ್ಲಿಯೂ ಬಸವನಹುಳುವಿನ ಕಥೆ ಹೊಸದಲ್ಲ. ಕೊಡಗಿನ ಕಾಫಿತೋಟಗಳಲ್ಲಿ ಕಾಟ ಕೊಟ್ಟ ಆಫ್ರಿಕದ ದೈತ್ಯ ಹುಳುವನ್ನು ೧೮೪೭ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟವರು ಬೆನ್ಸನ್ ಎಂಬ ಶಂಖಶಾಸ್ತ್ರದ ವಿದ್ವಾಂಸರು. ಅಜ್ಞಾನಿಗಳಿಂದಲೇ ಅನಾಹುತವಾಗುತ್ತದೆಂದು ಹೇಳುವಂತಿಲ್ಲ. ನನ್ನದೇ ಒಂದು ನಿದರ್ಶನ ಮುಂದಿದೆ.

ಶನಿವಾರ ಸಂಜೆ ಸುಹಾಸ ಬಲೆ, ಬೂಟುಗಳನ್ನು ಬಿರುಸು ಕುಂಚದಿಂದ ಉಜ್ಜಿ, ಬೂಟನ್ನು ಫ್ರೀಜರಿನಲ್ಲಿಟ್ಟ. ಕೆಲವು ಗಂಟೆ ಹೆಪ್ಪುಗಟ್ಟಿಸಿದರೆ, ಅಥವಾ ಕೈ ತಾಳದಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟರೆ ಆ ಹುಳುಗಳು ಸಾಯುತ್ತವೆ. ಸುಮ್ಮನೆ ತೊಳೆದರೆ ಸಾಯುವುದಿಲ್ಲ. “ಮಾಮ, ನಿಮ್ಮ ಷೂ ಕೊಡಿ” ಎಂದ. ಅಂದಿನ ತಿಳಿಸಾರಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಅಮ್ಮನ ಎದುರಿಗೆ ಇನ್ನೊಂದು ಜೊತೆಯನ್ನೂ ಒಳಗಿಡುವ ಧೈರ್ಯ ನನಗಾಗಲಿಲ್ಲ. “ನಾನೇ ನೋಡಿಕೊಳ್ಳುತ್ತೇನೆ” ಎಂದು, ಹಿತ್ತಲ ನಲ್ಲಿಯಲ್ಲಿ ಜಾಲಿಸಿ, ಕಟ್ಟೆಯ ಮೇಲೆ ಒಣಹಾಕಿದೆ.

ಮರುದಿನ ಎಲ್ಲರೂ ಕ್ಯಾಸ್ಕೇಡ್ ಪರ್ವತಗಳ ತಪ್ಪಲಿಗೆ ಹೊರಟೆವು. ಪುಳಿಯೋಗರೆ, ಮೊಸರನ್ನ, ಸಂಡಿಗೆ. ಅಮ್ಮನಿಗೆ ಬೆಟ್ಟದ ತೊರೆಯಲ್ಲಿ ಕಾಲಿಡುವ ಆಸೆ. ಗಾಡಿ ನಿಲ್ಲಿಸಿದ ಕಡೆಗೇ ನೀರಿನ ಸದ್ದು ಕೇಳುತ್ತಿತ್ತು. ಸ್ಟೋನ್‌ಫ್ಲೈಗಳ ತವರು ಇದು, ಕಲ್ಲು ಎತ್ತಿದರೆ ಸಾಕು ತೋರಿಸುತ್ತೇನೆಂದು ಸುಹಾಸ ದಾರಿಯುದ್ದಕ್ಕೂ ಹೇಳಿದ್ದ. ನಾನು ಇಳಿದು ನಾಲ್ಕು ಹೆಜ್ಜೆ ಮುಂದಿಟ್ಟಿದ್ದೆ.

“ಮಾಮ, ಅದೇ ಷೂನಾ?”

“ತೊಳೆದಿದ್ದೇನೆ, ಒಣಗಿದೆ” ಎಂದೆ. ಮೊದಲನೆಯದು ನಿಜ. ಎರಡನೆಯದನ್ನು ನಾನು ಮುಟ್ಟಿ ನೋಡಿರಲಿಲ್ಲ.

ಹುಡುಗ ಮಾತನಾಡದೆ ನನ್ನ ಮುಂದೆ ಕುಳಿತು, ಅಟ್ಟೆಯ ಗೀರುಗಳನ್ನು ಕಡ್ಡಿಯಿಂದ ಬಿಡಿಸಿದ. ಒದ್ದೆ ಮಣ್ಣಿನೊಡನೆ ಒಂದು ಕರಿಯೆಳ್ಳು ಅವನ ಅಂಗೈಗೆ ಉದುರಿತು. ಮರಳೇ ಇರಬೇಕೆಂದು ನಾನು ವಾದಿಸಿದೆ. ಅವನು ಕುಡಿಯುವ ನೀರಿನ ಸೀಸೆಯ ಮುಚ್ಚಳಕ್ಕೆ ನಾಲ್ಕು ಹನಿ ನೀರು ಹಾಕಿ ಅದನ್ನು ಅದರಲ್ಲಿಟ್ಟ. ಎಲ್ಲರೂ ಸುತ್ತ ನಿಂತು ನೋಡಿದೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಿಪ್ಪಿನ ಬಾಗಿಲು ಒಂದು ಕೂದಲೆಳೆಯಷ್ಟು ತೆರೆಯಿತು. ಎರಡು ಸೂಕ್ಷ್ಮವಾದ ಕೊಂಬುಗಳು ಹೊರಬಂದವು. ಹುಳು ಚಿಪ್ಪನ್ನು ಎತ್ತಿಕೊಂಡು ಮುಚ್ಚಳದ ಅಂಚಿನ ಕಡೆಗೆ ನಡೆಯತೊಡಗಿತು.

ತೊರೆ ಅಲ್ಲಿಂದ ಮೂವತ್ತು ಗಜ ದೂರದಲ್ಲಿತ್ತು.

ಯಾರೂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಮೇಲಾಗುತ್ತಿತ್ತು. ಸುಹಾಸ ಮುಚ್ಚಳವನ್ನು ಬಿಗಿಯಾಗಿ ಸೀಸೆಯೊಳಕ್ಕೆ ಮಗುಚಿ, ನನ್ನ ಷೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಗಾಡಿಯ ಹಿಂದೆ ಇಟ್ಟ. ಕುಳಿತ ಕಡೆಯಲ್ಲೆಲ್ಲ ಮಣ್ಣು ಉದುರಿರಬಹುದೆಂದು ಗಾಡಿಯ ಚಾಪೆಯನ್ನೂ ಪರೀಕ್ಷಿಸಿದ. ನಾನು ಬರಿಗಾಲಿನಲ್ಲಿ, ಗಾಡಿಗಳು ನಿಲ್ಲುವ ಬಯಲಿನ ಕಲ್ಲುಬೆಂಚಿನ ಮೇಲೆ ಪುಳಿಯೋಗರೆ ತಿಂದೆ. ಅಮ್ಮನೊಬ್ಬರನ್ನು ಅಕ್ಕ ಕೈಹಿಡಿದು ತೊರೆಗೆ ಕರೆದುಕೊಂಡು ಹೋದಳು. ಹಿಂದಿರುಗಿ ಬಂದ ಅಮ್ಮ ನನ್ನ ಪಕ್ಕದಲ್ಲಿ ಕುಳಿತು, “ಸ್ನಾನ ಮಾಡಿದವರನ್ನು ಮುಟ್ಟಬೇಡ ಅಂದರೆ ನಗುತ್ತಿದ್ದೆಯಲ್ಲೋ” ಎಂದರು. ನನಗೆ ಉತ್ತರ ತೋರಲಿಲ್ಲ. ಮಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ; ಮನುಷ್ಯರ ನಡುವೆ ಅದು ಮಾಡಿದ ಅನ್ಯಾಯ ಸಣ್ಣದಲ್ಲ. ಆದರೆ ಎರಡು ಹಳ್ಳಗಳ ನಡುವೆ ಅದು ಬೇಕೇ ಬೇಕೆಂಬುದನ್ನು ಆ ಬೆಂಚಿನ ಮೇಲೆ ಒಪ್ಪಿಕೊಂಡೆ.

ಆ ರಾತ್ರಿ ನನ್ನ ಷೂಗಳೂ ಫ್ರೀಜರನ್ನು ಸೇರಿದವು. ಇಟ್ಟವರು ಅಮ್ಮನೇ. ಅದಕ್ಕೆ ಮೊದಲು ಅವರು ಕೆಳಗಿನ ಅರೆಯಿಂದ ಕಾಯಿತುರಿ, ಕರಿಬೇವು, ಬಟಾಣಿಗಳನ್ನೆಲ್ಲ ಮೇಲಿನ ಅರೆಗೆ ವರ್ಗಾಯಿಸಿ, ನಡುವೆ ಒಂದು ಹಳೆಯ ಟವಲನ್ನು ಹಾಸಿದ್ದರು. ಹೋದ ವಾರ ಅಕ್ಕ ಒಂದು ಚಿತ್ರ ಕಳುಹಿಸಿದ್ದಾಳೆ. ಕೆಳಗಿನ ಅರೆಯಲ್ಲಿ ಸುಹಾಸನ ಬೂಟುಗಳು, ಮಡಚಿದ ಬಲೆ, ಅರೆಯ ಅಂಚಿಗೆ ಅಮ್ಮನ ದುಂಡು ಅಕ್ಷರದ ಚೀಟಿ ಇನ್ನೂ ಅಂಟಿಕೊಂಡಿದೆ: “ಮೇಲಿನದನ್ನು ಮುಟ್ಟಿದ ಮೇಲೆ ಇದನ್ನು ಮುಟ್ಟಬಹುದು. ಇದನ್ನು ಮುಟ್ಟಿದ ಮೇಲೆ ಮೇಲಿನದನ್ನು ಮುಟ್ಟಬಾರದು.” ಬುಟ್ಟಿಗಳನ್ನು ಸಾಗಿಸುವ ತಂಡದವರಿಗೆ ಸುಹಾಸ ಇದನ್ನು ಇಂಗ್ಲಿಷಿಗೆ ಅನುವಾದಿಸಿ ತೋರಿಸಿದನಂತೆ. ಅವರ ನಿಯಮವೂ ಅಕ್ಷರಶಃ ಅದೇ ಎಂದರಂತೆ.